ಪಾಳು ಎಂದು ಬರೆಯುವ ಮುನ್ನ

(ಸಂಘದ ಸಭೆಯಲ್ಲಿ ಮಾಡಿದ ಉಪನ್ಯಾಸದ ಲಿಖಿತ ರೂಪ)



ದೆಹಲಿಯಲ್ಲಿ ನೆಲೆಸಿದ ನಮ್ಮಲ್ಲಿ ಅನೇಕರು ಚಂಡೀಗಢದ ಸುಖನಾ ಸರೋವರವನ್ನು ಕಂಡವರೇ. ಅದು ನಿಸರ್ಗದತ್ತವಾದುದಲ್ಲ, ಶಿವಾಲಿಕ್ ಬೆಟ್ಟಗಳಿಂದ ಇಳಿಯುವ ಮಳೆಗಾಲದ ಹಳ್ಳಕ್ಕೆ 1958ರಲ್ಲಿ ಅಡ್ಡಗಟ್ಟೆ ಕಟ್ಟಿ ನಿರ್ಮಿಸಿದ್ದು. ಕೆಲವೇ ವರ್ಷಗಳಲ್ಲಿ ಅದರಲ್ಲಿ ಹೂಳು ತುಂಬತೊಡಗಿತು. ಈ ಹೂಳಿನ ಮೂಲವನ್ನು ಅರಸುತ್ತ ಪಿ. ಆರ್. ಮಿಶ್ರಾ ಮತ್ತು ಅವರ ಸಹೋದ್ಯೋಗಿಗಳು ಜಲಾನಯನದ ಮೇಲ್ಭಾಗಕ್ಕೆ ಹೋದಾಗ ಎದುರಾದದ್ದು ಸುಖೋಮಾಜ್ರಿ ಎಂಬ ಪುಟ್ಟ ಗ್ರಾಮ.

ಇಳಿಜಾರು ಬೋಳಾಗಿತ್ತು, ಕೊರಕಲುಗಳು ಹೊಲಗಳನ್ನು ನುಂಗುತ್ತಿದ್ದವು. ಗಿಡ ನೆಡಿ, ಒಡ್ಡು ಹಾಕಿ ಎನ್ನುವುದು ಸುಲಭ. ಆದರೆ ಬೆಟ್ಟದಲ್ಲಿ ಮೇಕೆಗಳು ಏಕೆ ಮೇಯುತ್ತಿವೆ? ಹೊಲಕ್ಕೆ ಮಳೆಯ ಹೊರತು ನೀರಿಲ್ಲ, ಆದ್ದರಿಂದ ಜನರಿಗೆ ಮೇಕೆಯೇ ಆಧಾರ. 1976ರಲ್ಲಿ ಅಲ್ಲಿ ಮಣ್ಣಿನ ಸಣ್ಣ ಕಟ್ಟೆಯೊಂದು ಎದ್ದಿತು. ಅದರ ನೀರಿನಲ್ಲಿ ಜಮೀನಿಲ್ಲದವರೂ ಸೇರಿದಂತೆ ಪ್ರತಿ ಕುಟುಂಬಕ್ಕೂ ಸಮಪಾಲು ಎಂದು ನಿಶ್ಚಯವಾದ ಮೇಲೆಯೇ ಊರು ತನ್ನ ದನಕರು, ಮೇಕೆಗಳನ್ನು ಬೆಟ್ಟದಿಂದ ಹಿಂದೆಗೆದುಕೊಂಡಿತು. ಬೇಲಿಯ ಖರ್ಚಿಲ್ಲದೆ ಹುಲ್ಲು ಮರಳಿತು.

ಈ ವೃತ್ತಾಂತವನ್ನು ತರಬೇತಿಯಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದ ನಾನು, ಮುಂದೆ ಅರಾವಳಿಯ ತಪ್ಪಲಿನ ಗ್ರಾಮವೊಂದರ ಸ್ಥಳಪರಿಶೀಲನೆಗೆ ಹೋದಾಗ ಅದನ್ನು ಮರೆತೆ. ಇಳಿಜಾರು ಅಳೆದೆ, ಗುಂಡಿ ತೋಡಿಸಿ ಮಣ್ಣಿನ ಆಳ ನೋಡಿದೆ, ಬಾವಿಗಳ ನೀರಿನ ಮಟ್ಟ ಬರೆದುಕೊಂಡೆ. ಕುರುಚಲು ಬೆಳೆದ ಒಂದು ದಿಣ್ಣೆಯ ಎದುರು, ನಮೂನೆಯಲ್ಲಿದ್ದಂತೆ, ‘ಪಾಳು’ ಎಂದು ಗುರುತು ಹಾಕಿದೆ. ದಿಣ್ಣೆಯ ಸುತ್ತ ಕಂದಕ ತೋಡಿ ಸಸಿ ನೆಟ್ಟರು. ಎರಡನೆಯ ಬೇಸಗೆಯಲ್ಲಿ ಹೋಗಿ ನೋಡಿದರೆ ಕಂದಕವನ್ನು ಮೂರು ಕಡೆ ಮುಚ್ಚಿದ್ದರು. ಸಸಿಗಳು ಬಹುಪಾಲು ಇಲ್ಲವಾಗಿದ್ದವು. ಮೇಕೆ ಕಾಯುವ ಮುದುಕಿಯೊಬ್ಬಳು, “ಸಾಹೇಬರೇ, ನನ್ನ ಮೇಕೆಗಳು ಇನ್ನು ನಿಮ್ಮ ಕಾಗದದ ಮೇಲೆ ಮೇಯಬೇಕೆ?” ಎಂದಳು. ಸಿಟ್ಟು ಬಂದದ್ದು ನಿಜ. ಉತ್ತರವಂತೂ ಇರಲಿಲ್ಲ.

ನಕ್ಷೆಯನ್ನು ನಾನು ಹಳಿಯುತ್ತಿಲ್ಲ. ಆದರೆ 1:50,000 ಪ್ರಮಾಣದ ಸರ್ವೇ ನಕ್ಷೆಯಲ್ಲಿ ಸಮೋನ್ನತಿ ರೇಖೆಗಳ ನಡುವಣ ಅಂತರ ಸಾಮಾನ್ಯವಾಗಿ 20 ಮೀಟರು; ಆಳೆತ್ತರದ ಕೊರಕಲನ್ನೇ ಆ ರೇಖೆಗಳು ತೋರಿಸಲಾರವು. ಇನ್ನು ಮುಂಜಾನೆ ಮೇಕೆ ನಡೆಯುವ ಜಾಡನ್ನು, ಸೌದೆ ಆಯುವ ಹೆಂಗಸರ ಹಾದಿಯನ್ನು ತೋರಿಸುವುದೆಲ್ಲಿ? ಅವು ಕೂಡ ಆ ನೆಲದ ಲಕ್ಷಣಗಳೇ. ಬೇಸಗೆಯಲ್ಲೊಮ್ಮೆ, ಮಳೆ ಹಿಡಿದ ಮೇಲೆ ಮತ್ತೊಮ್ಮೆ ನಡೆದು ನೋಡದೆ ಅವು ಕಾಣುವುದಿಲ್ಲ. ಜೀಪಿನಿಂದ ಇಳಿಯದವರಿಗಂತೂ ಎಂದೂ ಕಾಣುವುದಿಲ್ಲ.

ನಮ್ಮೂರುಗಳ ಕಂದಾಯ ಕಡತಗಳಲ್ಲಿ ಗೋಮಾಳ, ಗುಂಡುತೋಪು, ಹುಲ್ಲುಬನ್ನಿ ಎಂಬ ಹೆಸರುಗಳಿವೆ. ನೆಲ ಯಾವುದಕ್ಕೆಂದು ಹೆಸರೇ ಹೇಳುತ್ತದೆ. ಅವುಗಳ ಪಕ್ಕದಲ್ಲೇ ‘ಖರಾಬು’ ಎಂಬ ಮಾತೂ ಇದೆ. ಉಳುವವನ ದೃಷ್ಟಿಯಿಂದ, ಕಂದಾಯ ವಸೂಲಿಯ ದೃಷ್ಟಿಯಿಂದ ಖರಾಬು. ಕುರಿಯವನನ್ನು ಯಾರೂ ಕೇಳಿರಲಿಲ್ಲ. ಊರಿಗೆ ಹೋದಾಗಲೆಲ್ಲ ನಮ್ಮ ತಂದೆಯವರ ಪಹಣಿಯನ್ನಷ್ಟೇ ತೆಗೆದು ನೋಡುವ ನಾವು, ಊರ ಗೋಮಾಳ ಎಷ್ಟು ಉಳಿದಿದೆಯೆಂದು ವಿಚಾರಿಸಿದ್ದುಂಟೆ? ನಾನಂತೂ ವಿಚಾರಿಸಿದ್ದು ಆ ಮುದುಕಿಯ ಮಾತು ಕೇಳಿದ ಮೇಲೆ.

ಆಮೇಲಿನ ವರದಿಗಳಲ್ಲಿ ‘ಪಾಳು’ ಎಂಬ ಅಂಕಣ ಬಂದಾಗ, ಅಲ್ಲಿ ಯಾರು ಯಾವ ತಿಂಗಳು ಏನು ಮೇಯಿಸುತ್ತಾರೆ, ಏನು ಆಯುತ್ತಾರೆ ಎಂದು ಅಂಚಿನಲ್ಲಿ ಬರೆಯತೊಡಗಿದೆ. ಮೇಲಧಿಕಾರಿಯೊಬ್ಬರು ನಮೂನೆಯಲ್ಲಿ ಇಲ್ಲದ್ದನ್ನು ಬರೆಯಬಾರದೆಂದು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಮುಂದಿನ ವರದಿಯಲ್ಲಿ ಅದನ್ನು ಅನುಬಂಧವಾಗಿ ಸೇರಿಸಿದೆ, ಅದು ಉಳಿಯಿತು.