ಕೋಟೆಯ ಗೋಡೆ ಏಕೆ ತಿರುಗುತ್ತದೆ?



ಕೋಟೆಯನ್ನು ನೋಡಿದೊಡನೆ ಯಾರು ಕಟ್ಟಿಸಿದರು, ಯಾವಾಗ ಕಟ್ಟಿಸಿದರು ಎಂದು ನಾವೆಲ್ಲ ಕೇಳುತ್ತೇವೆ. ಇಂದು ಇನ್ನೊಂದು ಪ್ರಶ್ನೆ ಕೇಳೋಣ. ಗೋಡೆ ಏಕೆ ಹೀಗೆಯೇ ತಿರುಗಿದೆ?

ಈ ಪ್ರಶ್ನೆಗೆ ಉತ್ತರ ನಮ್ಮ ಹಾಸನ ಜಿಲ್ಲೆಯ ಮಂಜರಾಬಾದ್ ಕೋಟೆಯಲ್ಲಿದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದ ಹೊರಟರೂ ಹಾಸನಕ್ಕೆ ಬನ್ನಿ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 40 ಕಿಲೋಮೀಟರ್ ಹೋದರೆ ಸಕಲೇಶಪುರ. ಮಂಗಳೂರು ಹೆದ್ದಾರಿಯಲ್ಲಿ ಇನ್ನು ಐದಾರು ಕಿಲೋಮೀಟರ್ ಹೋಗಿ, ಮೆಟ್ಟಿಲು ಹತ್ತಿದರೆ ಕೋಟೆ.

ಟಿಪ್ಪು ಸುಲ್ತಾನ್ ಕಟ್ಟಿಸಿದ ಈ ಕೋಟೆ 1792ರಲ್ಲಿ ಪೂರ್ಣಗೊಂಡಿತು. ಅದೇ ವರ್ಷ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಅವನು ಸುಮಾರು ಅರ್ಧ ರಾಜ್ಯವನ್ನು ಕಳೆದುಕೊಂಡ. ಮಂಗಳೂರು ಬಂದರು ಮಾತ್ರ ಅವನಲ್ಲೇ ಉಳಿಯಿತು. ಕಡಲಿಗೂ ರಾಜಧಾನಿಗೂ ನಡುವಿನ ಘಟ್ಟದ ದಾರಿಗೆ ಈ ಗುಡ್ಡವೇ ಕಾವಲು.

ಈಗ ಒಂದು ಸಣ್ಣ ಪ್ರಯೋಗ. ಕಾಗದದ ಮೇಲೆ ಒಂದು ನೇರ ಗೋಡೆ ಬರೆದು, ಅದರ ಎರಡು ತುದಿಗೂ ದುಂಡು ಬುರುಜು ಬರೆಯಿರಿ. ಒಂದು ಬುರುಜಿನಿಂದ ಇನ್ನೊಂದರ ಕಡೆಗೆ ಅಡಿಕೋಲಿನಿಂದ ದೃಷ್ಟಿರೇಖೆಗಳನ್ನು ಎಳೆಯಿರಿ. ಬುರುಜಿನ ಮುಂದೆ ತ್ರಿಕೋನದಂಥ ಪುಟ್ಟ ಜಾಗವೊಂದು ಯಾವ ರೇಖೆಗೂ ಸಿಗದೆ ಉಳಿಯುತ್ತದೆ. ಶತ್ರು ಅಡಗುವುದು ಅಲ್ಲೇ! ಆ ತ್ರಿಕೋನವನ್ನೂ ಬುರುಜಿಗೆ ಸೇರಿಸಿ ಚೂಪು ಮಾಡಿಬಿಡಿ. ಅಡಗಲು ಜಾಗವೇ ಇಲ್ಲ. ಫಿರಂಗಿಯ ಕಾಲದಲ್ಲಿ ಯೂರೋಪಿನವರು ಕಂಡುಕೊಂಡ ಉಪಾಯ ಇದು. ಫ್ರಾನ್ಸಿನ ಎಂಜಿನಿಯರ್ ವೋಬಾನ್ (1633–1707) ಇದನ್ನು ಶಾಸ್ತ್ರದಂತೆ ಬೆಳೆಸಿದ. ಮಂಜರಾಬಾದಿನ ಎಂಟು ಮೂಲೆಗಳ ಹಿಂದೆಯೂ ಇದೇ ಲೆಕ್ಕವಿದೆ. ಒಂದು ಗೋಡೆಯನ್ನು ಪಕ್ಕದ ಗೋಡೆ ಕಾಯುತ್ತದೆ.

ನಾವು ಚಿತ್ರೀಕರಣಕ್ಕೆ ಹೋದ ಬೆಳಿಗ್ಗೆ ದಟ್ಟವಾದ ಮಂಜು. ಕ್ಯಾಮೆರಾ ಎಲ್ಲಿಟ್ಟರೂ ನಕ್ಷತ್ರ ಕಾಣಲಿಲ್ಲ. ಮಂಜು ಕರಗಿದ ಮೇಲೂ ಕಾಣಲಿಲ್ಲ. ನೆಲದ ಮೇಲೆ ನಿಂತವರಿಗೆ ಆ ಆಕಾರ ತಿಳಿಯುವುದೇ ಇಲ್ಲ. ಕೊನೆಗೆ ಗೋಡೆಯ ಒಳಬದಿಯಲ್ಲಿ ಹೆಜ್ಜೆ ಎಣಿಸುತ್ತ ನಡೆದೆ. ಪ್ರತಿ ತಿರುವಿಗೂ ನೋಟ್‌ಬುಕ್ಕಿನಲ್ಲಿ ಒಂದೊಂದು ಗೆರೆ. ಸುತ್ತು ಮುಗಿದಾಗ ಹಾಳೆಯ ಮೇಲೆ ನಕ್ಷತ್ರ ಮೂಡಿತ್ತು!

ಅದೇ ಗೋಡೆಯಲ್ಲಿ ಮೊಳೆಯಿಂದ ಕೊರೆದ ಹೆಸರುಗಳೂ ಕಂಡವು. ಗಾರೆ ಕಿತ್ತರೆ ಸಂದಿಗೆ ಮಳೆನೀರು ಇಳಿಯುತ್ತದೆ; ನೀರಿನ ಹಿಂದೆಯೇ ಗಿಡದ ಬೇರು ಬರುತ್ತದೆ; ಬೇರು ಬಲಿತಂತೆ ಕಲ್ಲು ಸಡಿಲವಾಗುತ್ತದೆ. ಮಲೆನಾಡಿನ ಮಳೆಗೆ ಇಷ್ಟು ಸಾಕು.

ಮುಂದಿನ ಶಾಲಾ ಪ್ರವಾಸಕ್ಕೆ ಪೆನ್ಸಿಲು, ಹಾಳೆ ಒಯ್ಯಿರಿ. ಗೋಡೆಯ ಮೇಲೆ ಹತ್ತಬೇಡಿ. ಒಳಗೆ ನಡೆದು ನಕ್ಷೆ ಬರೆಯಿರಿ. ನಿಮ್ಮ ಹೆಸರನ್ನು ಆ ಹಾಳೆಯ ಮೂಲೆಯಲ್ಲಿ ಬರೆದುಕೊಳ್ಳಿ. ಅದಕ್ಕೆ ತಕ್ಕ ಜಾಗ ಅದೇ.