ಹುಡುಕಿದವರಿಗೆ ವಚನ ಸಿಗಬೇಕು



ಇಷ್ಟಲಿಂಗ ಏಕೆ ಕಟ್ಟಿಕೊಳ್ಳಬೇಕು ಎಂದು ಇಂದಿನ ಹುಡುಗ ಅಜ್ಜನನ್ನು ಕೇಳುವುದಿಲ್ಲ, ಗೂಗಲನ್ನು ಕೇಳುತ್ತಾನೆ. ಅಲ್ಲಿ ನಮ್ಮ ಉತ್ತರ ಕಾಣದಿದ್ದರೆ ಯಾರೋ ಬರೆದದ್ದೇ ಅವನಿಗೆ ಬಸವತತ್ವ.

ನಮ್ಮ ಮಠಗಳು ಬರೆದಿಲ್ಲವೇ? ಬೇಕಾದಷ್ಟು ಬರೆದಿವೆ. ಆದರೆ ಹಳೆಯ ಸಂಚಿಕೆಗಳನ್ನು ಫೋಟೊದಂತೆ ಸ್ಕ್ಯಾನ್ ಮಾಡಿ ಏರಿಸಿರುತ್ತೇವೆ. ಯಂತ್ರ ಅವನ್ನು ತಪ್ಪುತಪ್ಪಾಗಿ ಓದುತ್ತದೆ, ಇಲ್ಲವೇ ಓದುವುದೇ ಇಲ್ಲ. ಇನ್ನು ಕೆಲವು ಯೂನಿಕೋಡ್‌ಗೆ ಮುಂಚಿನ ನುಡಿ, ಶ್ರೀಲಿಪಿ ಫಾಂಟುಗಳಲ್ಲಿವೆ. ಕಣ್ಣಿಗೆ ಕನ್ನಡ ಕಂಡರೂ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಕನ್ನಡದಲ್ಲಿ ಹುಡುಕಿದವನಿಗೆ ಅದು ಹೇಗೆ ಸಿಕ್ಕೀತು? ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ ಕರಡು ತಿದ್ದಬೇಕು. ಒತ್ತಕ್ಷರ, ಅರ್ಕಾವೊತ್ತು ಅಲ್ಲೇ ಕೈಕೊಡುವುದು.

ಪುಟದ ತುಂಬ 'ಬಸವಣ್ಣ, ಬಸವಣ್ಣ' ಎಂದು ತುಂಬಿದರೆ ಮೇಲೇರುತ್ತೇವೆಂದು ಕೆಲವರು ಹೇಳಿಕೊಡುತ್ತಾರೆ. ಗೂಗಲ್ ಅದನ್ನು ಕಸವೆಂದೇ ಎಣಿಸುತ್ತದೆ. ಜಪ ಬೇರೆ, ಬರಹ ಬೇರೆ. ಪುಟಕ್ಕೊಂದೇ ವಚನ ಸಾಕು: ಶುದ್ಧ ಪಾಠ, ಅಂಕಿತ, ಯಾವ ಸಂಪುಟದ್ದು, ಕಠಿಣ ಪದಗಳ ಅರ್ಥ, ನಿಮ್ಮದೇ ಮಾತಿನ ವಿವರಣೆ. ಶೀರ್ಷಿಕೆ ಜನ ಕೇಳುವ ಪ್ರಶ್ನೆಯಂತಿರಲಿ. 'ಚಿಂತನ 47' ಎಂದು ಯಾರೂ ಹುಡುಕುವುದಿಲ್ಲ.

ಫ.ಗು. ಹಳಕಟ್ಟಿಯವರು ಊರೂರು ತಿರುಗಿ ತಾಡೋಲೆ ಕೂಡಿಸಿ, 1923ರಲ್ಲಿ ವಚನಶಾಸ್ತ್ರಸಾರ ಹೊರತಂದರು. ನಾವೋ, ವಾಟ್ಸ್ಆ್ಯಪ್‌ನಲ್ಲಿ ಬಂದ, ಅಂಕಿತವೇ ಇಲ್ಲದ ಸಾಲನ್ನು ಬಸವಣ್ಣನವರದೆಂದು ಮಠದ ಪುಟಕ್ಕೇರಿಸುತ್ತೇವೆ. ನೂರು ಕಡೆ ನಕಲಾದ ಮೇಲೆ ಹುಡುಕಿದವನಿಗೆ ಸಿಗುವುದು ಅದೇ.

ಪ್ರತಿ ಮಠದಲ್ಲೂ ಟೈಪ್ ಬಲ್ಲ ಇಬ್ಬರು, ವಚನ ಬಲ್ಲ ಒಬ್ಬರು ಸಿಗುತ್ತಾರೆ. ವಾರಕ್ಕೊಂದು ವಚನದಂತೆ ಈ ಶ್ರಾವಣದಿಂದಲೇ ತೊಡಗೋಣ. ಫಾಂಟ್ ಪರಿವರ್ತನೆಗೆ ಕರೆದಲ್ಲಿಗೆ ನಾನು ಬರುತ್ತೇನೆ.