ಹಲಸಂಗಿಯ ಗೆಳೆತನ



ಕವಿತೆಯೆಂಬುದು ಒಬ್ಬನೇ ಕುಳಿತು ಮಾಡುವ ಕೆಲಸವೆಂದು ಸಾಮಾನ್ಯವಾಗಿ ನಾವು ತಿಳಿದಿರುತ್ತೇವೆ. ಬರೆಯುವ ಕೈ ಒಬ್ಬನದೇ ಅಹುದು. ಆದರೆ ಬರೆದುದನ್ನು ಕೇಳಿ ತಲೆದೂಗುವವರು, ‘ಇಲ್ಲಿ ನಡೆ ಕುಂಟಿತಲ್ಲಾ’ ಎಂದು ತಡೆದು ತಿದ್ದುವವರು, ‘ನಿನಗಿಂತ ನಾನು ಚಲೋ ಕಟ್ಟುತ್ತೇನೆ ನೋಡು’ ಎಂದು ಪಂಥ ಹೂಡುವವರು ಹತ್ತಿರದಲ್ಲಿ ಇಲ್ಲದೆ ಹೋದರೆ ಆ ಕೈ ಬಹುದಿನ ಆಡಲಾರದು. ಈ ಮಾತಿಗೆ ನಿದರ್ಶನವನ್ನು ನಾವು ದೂರ ಹುಡುಕಬೇಕಾಗಿಲ್ಲ. ತಿಕೋಟೆಯಿಂದ ಹೊರಟು, ವಿಜಯಪುರವನ್ನು ದಾಟಿ, ಉತ್ತರಕ್ಕೆ ಭೀಮಾ ಸೀಮೆಯ ಕಡೆಗೆ ನಡೆದರೆ ಹಲಸಂಗಿ ಸಿಗುತ್ತದೆ. ಆ ಊರಿನ ಗೆಳೆಯರ ಕಥೆಯೇ ಈ ಹೊತ್ತಿನ ನನ್ನ ವಿಷಯ.

೧೯೨೨ರಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ‘ಗೆಳೆಯರ ಗುಂಪು’ ಕೂಡಿಕೊಂಡುದು ಎಲ್ಲರಿಗೂ ತಿಳಿದ ಸಂಗತಿ. ಧಾರವಾಡವೆಂದರೆ ವಿದ್ಯಾವಂತರ ಊರು. ಕಾಲೇಜು, ಮುದ್ರಣಾಲಯ, ಪತ್ರಿಕೆ ಎಲ್ಲವೂ ಅಲ್ಲಿದ್ದವು. ಹಲಸಂಗಿಯಲ್ಲಿ ಏನಿತ್ತು? ಜೋಳದ ಹೊಲ, ಊರ ಗುಡಿ, ಬೀಸುಕಲ್ಲು, ಲಾವಣಿಯ ಡಪ್ಪು. ಇವನ್ನೇ ಬಂಡವಾಳ ಮಾಡಿಕೊಂಡು ನಾಲ್ಕು ಜನ ತರುಣರು ಅಲ್ಲಿ ಕೂಡಿದರು. ‘ಮಧುರಚೆನ್ನ’ರೆಂದು ಹೆಸರಾದ ಚೆನ್ನಮಲ್ಲಪ್ಪ ಗಲಗಲಿಯವರು (೧೯೦೩–೧೯೫೩), ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದ ಸಿಂಪಿ ಲಿಂಗಣ್ಣನವರು (೧೯೦೫–೧೯೯೩), ಧೂಲಾಸಾಹೇಬರು, ಕಾಪಸೆ ರೇವಪ್ಪನವರು. ಜಾತಿ ಮತ ಕೇಳಿ ಕಟ್ಟಿದ ಕೂಟ ಇದಲ್ಲವೆಂಬುದು ಹೆಸರುಗಳಿಂದಲೇ ಗೊತ್ತಾಗುತ್ತದೆ. ಸೀಮೆ ಆಗ ಮುಂಬಯಿ ಪ್ರಾಂತದಲ್ಲಿದ್ದಿತು. ಗಡಿಯ ಊರಾದ್ದರಿಂದ ಮರಾಠಿಯ ಭರಾಟೆಯೂ ಬಲವಾಗಿದ್ದಿತು. ಕನ್ನಡದಲ್ಲಿ ಓದಬೇಕು, ಬರೆಯಬೇಕು ಎಂಬುವನಿಗೆ ಮೊದಲು ಬೇಕಾದುದು ಪುಸ್ತಕವಲ್ಲ, ಜೊತೆಗಾರ.

ಪಂಥದ ಮಾತು ಹೇಳಿದೆನಷ್ಟೆ. ಈ ಭಾಗದ ಹಳ್ಳಿಗಳಿಗೆ ಪಂಥವೇನೂ ಹೊಸದಲ್ಲ. ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷ. ಹರದೇಶಿಯವರದು ತುರಾಯಿ, ಶಿವನು, ಎಂದರೆ ಗಂಡು, ಹೆಚ್ಚೆಂದು ಅವರ ವಾದ. ನಾಗೇಶಿಯವರದು ಕಲ್ಗಿ, ಶಕ್ತಿಯಿಲ್ಲದೆ ಶಿವನೆಲ್ಲಿ ಎಂದು ಇವರ ಮರುವಾದ. ರಾತ್ರಿಯ ಊಟವಾದ ಮೇಲೆ ಡಪ್ಪು, ತುಂತುಣಿ, ತಾಳಗಳು ಎದ್ದವೆಂದರೆ ಬೆಳಕು ಹರಿಯುವವರೆಗೆ ಸವಾಲಿಗೆ ಜವಾಬು, ಒಗಟಿಗೆ ಒಡೆತ. ಎದುರಾಳಿಯನ್ನು ಬಾಯಿ ಮುಚ್ಚಿಸುವವರೆಗೆ ಬಿಡುವುದಿಲ್ಲ. ಮುಂಜಾನೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಮುರಿಯುತ್ತಾರೆ. ಲಾವಣಿಕಾರ ಖಾಜಾಭಾಯಿಯ ಹೆಸರಿನಿಂದ ಹಲಸಂಗಿ ಮೊದಲೇ ಪ್ರಸಿದ್ಧವಾಗಿದ್ದಿತು. ಸೋತವನು ಮುಂದಿನ ಜಾತ್ರೆಗೆ ಎರಡು ಪದ ಹೆಚ್ಚು ಕಲಿತು ಬರುವ ಈ ವಿದ್ಯಾಲಯದಲ್ಲಿ ಶುಲ್ಕವಿಲ್ಲ, ಪರೀಕ್ಷೆ ಮಾತ್ರ ಬಲು ಕಠಿಣ.

ಇಂಥ ನೆಲದಲ್ಲಿ ಬೆಳೆದ ಗೆಳೆಯರು ತಾವು ಬರೆಯುವುದರೊಡನೆ ಇನ್ನೊಂದು ಕೆಲಸಕ್ಕೆ ಕೈಯಿಟ್ಟರು. ಸುತ್ತಲಿನ ಊರುಗಳಲ್ಲಿ ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು ಕೇಳಿ ಕೇಳಿ ಬರೆದುಕೊಂಡರು. ಇದೇನು ಸುಲಭವೆಂದು ತಿಳಿಯಬೇಡಿ. ಬೀಸುವ ಹೆಣ್ಣುಮಗಳು ಗಂಡಸರ ಮುಂದೆ ಕುಳಿತು ಹಾಡೆಂದರೆ ಹಾಡುವವಳಲ್ಲ. ಅವಳ ಹಾಡು ನಸುಕಿನದು. ತವರು, ಅಣ್ಣ, ತೊಟ್ಟಿಲ ಕೂಸು, ಅತ್ತೆಯ ಮನೆಯ ನೋವು, ಇವೆಲ್ಲ ಕಲ್ಲಿನ ಸದ್ದಿನ ಮರೆಯಲ್ಲಿ ಹೊರಬರುವ ಮಾತುಗಳು. ಹೀಗೆ ಕೂಡಿಸಿದ ಸಂಪತ್ತು ‘ಗರತಿಯ ಹಾಡು’ ಎಂದು ೧೯೩೧ರಲ್ಲಿ ಪುಸ್ತಕವಾಯಿತು. ೧೯೩೩ರಲ್ಲಿ ಲಾವಣಿಗಳ ಸಂಗ್ರಹ ‘ಜೀವನ ಸಂಗೀತ’, ೧೯೩೫ರಲ್ಲಿ ‘ಮಲ್ಲಿಗೆ ದಂಡೆ’ ಬಂದವು. ಫಿನ್‌ಲೆಂಡ್ ದೇಶದಲ್ಲಿ ಲೋನ್‌ರೋತ್ ಎಂಬ ವೈದ್ಯನು ಹಳ್ಳಿ ಹಳ್ಳಿ ತಿರುಗಿ ಹಾಡು ಕೂಡಿಸಿ ೧೮೩೫ರಲ್ಲಿ ‘ಕಾಲೆವಾಲ’ವನ್ನು ಪ್ರಕಟಿಸಿದನು, ಆ ಜನ ಇಂದಿಗೂ ಅದನ್ನು ತಮ್ಮ ನಾಡಿನ ಮಹಾಕಾವ್ಯವೆಂದು ಗೌರವಿಸುತ್ತಾರೆ. ನಮ್ಮಲ್ಲಿ ಅಂಥ ಕೆಲಸಕ್ಕೆ ಹೆಗಲು ಕೊಟ್ಟವರು ಒಂದೇ ಊರಿನ ಗೆಳೆಯರು.

ಪಂಡಿತವರ್ಗದವನಾದ ನನಗೆ ಇಲ್ಲಿ ಒಂದು ಸೋಜಿಗ. ಬೀಸುವ ಪದಗಳು ಬಹುಮಟ್ಟಿಗೆ ತ್ರಿಪದಿಗಳು. ತ್ರಿಪದಿಗೆ ಹನ್ನೊಂದು ಅಂಶಗಣಗಳು. ಆರನೆಯದೂ ಹತ್ತನೆಯದೂ ಬ್ರಹ್ಮಗಣ, ಉಳಿದವು ವಿಷ್ಣುಗಣ. ಇದನ್ನು ಬಾಯಿಪಾಠ ಮಾಡಿಸಲು ತರಗತಿಯಲ್ಲಿ ನಾನು ಒಂದು ವಾರ ಗಂಟಲು ಹರಿದುಕೊಳ್ಳುತ್ತೇನೆ. ಓದು ಬರಹ ಕಾಣದ ಆ ತಾಯಿ ಕಲ್ಲಿನ ಗೂಟ ಹಿಡಿದು ತಿರುವಿದಳೆಂದರೆ ನಡೆ ತಾನಾಗಿ ಬಂದು ಕೂಡುತ್ತದೆ. ಬಾದಾಮಿಯ ಬಂಡೆಯ ಮೇಲೆ ಕ್ರಿ.ಶ. ೭೦೦ರ ಸುಮಾರಿಗೆ ಕೊರೆದ ಕಪ್ಪೆ ಅರಭಟ್ಟನ ಶಾಸನದಲ್ಲಿರುವುದೂ ಇದೇ ಛಂದಸ್ಸು. ಬಂಡೆಗಲ್ಲಿಗೂ ಬೀಸುಕಲ್ಲಿಗೂ ನಡುವೆ ಹನ್ನೆರಡು ಶತಮಾನ. ಹಾಡಿನ ನೂಲು ಹರಿದಿರಲಿಲ್ಲ.

ಆ ನೂಲು ಹರಿಯುವ ಭಯವಿರುವುದು ಈಗ. ಹಿಟ್ಟಿನ ಗಿರಣಿ ಬಂದು ಹೆಣ್ಣುಮಕ್ಕಳ ರಟ್ಟೆಯ ನೋವು ಹೋಯಿತು. ಅದು ಒಳಿತೇ ಆಯಿತು, ಅದಕ್ಕಾಗಿ ಯಾರೂ ಮರುಗಬೇಕಾದುದಿಲ್ಲ. ಆದರೆ ಗಿರಣಿಯ ಮುಂದೆ ಸರತಿಯಲ್ಲಿ ನಿಂತು ಯಾರೂ ಹಾಡುವುದಿಲ್ಲ. ಒಮ್ಮೆ ನಮ್ಮ ಶಾಲೆಯ ಮಕ್ಕಳಿಗೆ ‘ನಿಮ್ಮ ಮನೆಯ ಹಿರಿಯರಿಂದ ಒಂದು ಹಾಡು ಕೇಳಿ ಬರೆದು ತನ್ನಿರಿ, ಯಾರು ಹೆಚ್ಚು ತರುತ್ತೀರೋ ನೋಡೋಣ’ ಎಂದು ಪಂಥ ಹಚ್ಚಿದೆ. ಒಬ್ಬ ಹುಡುಗಿಯ ಅಜ್ಜಿ, ‘ಸುಮ್ಮ ಕುಂತರ ಒಂದೂ ನೆನಪಾಗಂಗಿಲ್ಲವ್ವ, ಕಲ್ಲ ಮುಂದ ಕುಂತರ ಬರತಾವ’ ಎಂದಳಂತೆ. ಹುಡುಗಿ ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲನ್ನು ತೊಳೆದು, ಹಿಡಿ ಜೋಳ ಹಾಕಿ, ಅಜ್ಜಿಯನ್ನು ಕೂಡಿಸಿದಳು. ಹದಿನಾಲ್ಕು ಹಾಡು ಬಂದವು. ಪ್ರತಿಯೊಂದರ ಕೆಳಗೆ ಅಜ್ಜಿಯ ಹೆಸರು ಬರೆಯಹೋದರೆ ಆ ಮುದುಕಿ, ‘ನನ್ನ ಹೆಸರ್ಯಾಕ? ಕಲಿಸಿದಾಕಿ ನಮ್ಮತ್ತಿ. ಅಕಿ ಹೆಸರು ಬರಿ’ ಎಂದಳಂತೆ. ಹುಡುಗಿ ಎರಡು ಹೆಸರನ್ನೂ ಬರೆದುಕೊಂಡು ಬಂದಳು. ಪಂಥದಲ್ಲಿ ಅವಳದೇ ಗೆಲವೆಂದು ಇಡೀ ತರಗತಿ ಒಪ್ಪಿತು.

ಹಲಸಂಗಿಯ ಗೆಳೆಯರು ಉಳಿಸಿಕೊಟ್ಟ ಹಾಡುಗಳನ್ನು ಮೊದಲು ಕಟ್ಟಿದ ಗರತಿಯರ ಹೆಸರು ಇಂದು ಯಾರಿಗೂ ತಿಳಿಯದು. ಎಷ್ಟೋ ತಲೆಮಾರುಗಳ ಕೆಳಗೆ ಅವು ಹೂತುಹೋಗಿವೆ. ಆ ತಾಯಂದಿರೂ ಗೆಳೆಯರ ಗುಂಪಿನವರೇ. ಒಂದೇ ಕಲ್ಲಿಗೆ ಎದುರುಬದುರು ಕುಳಿತು, ಒಬ್ಬಳು ಎತ್ತಿಕೊಟ್ಟುದನ್ನು ಇನ್ನೊಬ್ಬಳು ಮುಗಿಸುತ್ತಿದ್ದ ನೆಗೆಣ್ಣಿಯರು, ನಾದಿನಿ ಅತ್ತಿಗೆಯರು ನಮ್ಮ ನಾಡಿನ ಎಲ್ಲಕ್ಕೂ ಹಳೆಯ ಕವಿಕೂಟ. ಅವರಿಂದ ಕಲಿತವರ ಹೆಸರನ್ನಾದರೂ ಉಳಿಸಿಕೊಳ್ಳುವುದು ಇನ್ನೂ ನಮ್ಮ ಕೈಯಲ್ಲಿದೆ.

ಧಾರವಾಡ ಆಕಾಶವಾಣಿ ೧೯೫೦ರ ಜನವರಿಯಲ್ಲಿ ಆರಂಭವಾದಂದಿನಿಂದ ಹಳ್ಳಿಯ ಹಾಡು ಪಟ್ಟಣದ ಮನೆಗಳನ್ನು ಮುಟ್ಟಿದೆ. ಬೇಂದ್ರೆಯವರೇ ಆ ನಿಲಯಕ್ಕೆ ಸಾಹಿತ್ಯ ಸಲಹೆಗಾರರಾಗಿದ್ದರು. ಆದರೆ ಆಕಾಶವಾಣಿ ಪ್ರತಿಯೊಂದು ಅಡಿಗೆಮನೆಗೂ ಬರಲಾರದು. ಈಗ ಮನೆಮನೆಯಲ್ಲಿಯೂ ಧ್ವನಿ ಹಿಡಿಯುವ ಫೋನು ಇದೆ. ನಾಲ್ಕು ಜನ ಗೆಳೆಯರು ಕೂಡಿರಿ. ವಾರಕ್ಕೊಮ್ಮೆ ಒಬ್ಬ ಹಿರಿಯರ ಬಳಿ ಕುಳಿತುಕೊಳ್ಳಿರಿ. ಯಾರು ಹೆಚ್ಚು ಹಾಡು ತಂದಾರೆಂದು ಪಂಥ ಕಟ್ಟಿರಿ. ಹಾಡನ್ನು ಬರೆದುಕೊಳ್ಳುವಾಗ ಹಾಡಿದವರ ಹೆಸರು, ಅವರಿಗೆ ಕಲಿಸಿದವರ ಹೆಸರು, ಊರ ಹೆಸರು, ಇವು ಮೂರನ್ನೂ ಮರೆಯದೆ ಬರೆಯಿರಿ. ಈ ಪಂಥದಲ್ಲಿ ಸೋತವರಿಗೂ ಮನೆಯ ತುಂಬ ಹಾಡು ಉಳಿಯುತ್ತದೆ.